ಸೇತುವೆ ದಾಟಿದ ಚೀಲಗಳು

ವಾಲ್‌ಬುರ್ಗಾ ಸ್ಟೆಂಗರ್ ಓಹಾಯೋ ರಾಜ್ಯದ ಸಿನ್ಸಿನಾಟಿಯ ಹೊಳೆದಂಡೆಯಲ್ಲಿ ಊರವರ ಬಟ್ಟೆ ಒಗೆದು ಬದುಕಿದವಳು. ಗಂಡ ಲೊರೆಂಟ್ಸ್ ಇದ್ದಾಗ ಆ ಪಾಡಿರಲಿಲ್ಲ. ಸೇತುವೆಯಾಚೆ, ಕೆಂಟಕಿ ರಾಜ್ಯದ ಕಬ್ಬಿಣದ ಕಾರ್ಖಾನೆಯಲ್ಲಿ ಅವನು ಸುಟ್ಟು ಸತ್ತ. ಜೀವವಿಮೆಯೇನೋ ಇತ್ತು. ಕೂಸನ್ನು ಸೊಂಟಕ್ಕೇರಿಸಿಕೊಂಡು ಅವಳು ವಿಮೆ ಕಂಪನಿಗೆ ಹೋದಾಗ ಯಜಮಾನ ಥೇರನ್ ಪ್ರೌಟಿ ಕುರ್ಚಿಯಿಂದ ಏಳಲೂ ಇಲ್ಲ.

"ನಿನ್ ಗಂಡ ನಮ್ಮನ್ನ ಕೇಳ್ದೆ ಓಹಾಯೋ ಬಿಟ್ಟು ಹೊಳೆ ದಾಟ್ದ ಕಣಮ್ಮ. ದಾಟಿದ್ ದಿನಾನೇ ಪಾಲಿಸಿ ಸತ್ತೋಯ್ತು."

ಅವಳು ಅಳಲಿಲ್ಲ. ಕೂಸು ಅವನ ಮೇಜಿನ ಮೇಲೆ ಹಾಲು ಕಕ್ಕಿತು. ಮಗುವಿನ ಬಾಯಿ ಒರೆಸಿದಳು, ಮೇಜು ಒರೆಸಲಿಲ್ಲ.

ಆಮೇಲೆ ಅದೇ ಪ್ರೌಟಿಯ ಅಂಗಿ ಒಗೆಯುವ ಕೆಲಸವನ್ನು ತಾನಾಗಿ ಕೇಳಿ ಹಿಡಿದಳು. ನೆರೆಯವರು ಮಾನಗೆಟ್ಟವಳೆಂದು ಆಡಿಕೊಂಡರು. ಅವಳಿಗೆ ಅವನ ಹತ್ತಿರ ಇರಬೇಕಿತ್ತು, ಅಷ್ಟೆ. ಕತ್ತಿನ ಪಟ್ಟಿಗೆ ಗಂಟಲು ತರಚುವಷ್ಟು ಗಂಜಿ ಹಾಕುತ್ತಿದ್ದಳು.

ಒಂದು ದಿನ ಹೊಲಿಯಲೆಂದು ಕಂಪನಿಯವರು ಚಿನ್ನ ತುಂಬಿಡುವ ಚೀಲಗಳು ಖಾಲಿಯಾಗಿ ಬಂದವು. ತಳವೆಲ್ಲ ಸವೆದಿತ್ತು. ತಿಜೋರಿಯಲ್ಲಿ ಸುಮ್ಮನೆ ಕೂತ ಚೀಲ ಸವೆಯುವುದುಂಟೇ? ಒಂದೊಂದು ರಾಜ್ಯದ ಶಾಖೆಯಲ್ಲೂ ಇಂತಿಷ್ಟು ಚಿನ್ನ ಇರಬೇಕೆಂಬ ನಿಯಮವಿತ್ತು. ಆದರೆ ಒಂದು ರಾಜ್ಯದ ಅಧಿಕಾರಿ ಬೇಸಿಗೆಯಲ್ಲಿ ಬಂದು ನೋಡಿದರೆ ಇನ್ನೊಂದು ರಾಜ್ಯದವನು ಚಳಿಗಾಲದಲ್ಲಿ ನೋಡುತ್ತಿದ್ದ. ಅದೇ ಚಿನ್ನ ಶಾಖೆಯಿಂದ ಶಾಖೆಗೆ ಓಡಾಡುತ್ತಿದೆಯೆಂದು ಅವಳಿಗೆ ಹೊಳೆಯಿತು. ಗಿರಾಕಿಗಳ ಬಟ್ಟೆಗೆ ಗುರುತು ಹಾಕುವಂತೆ ಪ್ರತಿ ಚೀಲದ ಮೂಲೆಗೂ ಕೆಂಪು ದಾರದಲ್ಲಿ ಜೋಡಿ ಕತ್ತರಿ ಹೊಲಿಗೆ ಹಾಕಿ ಕಳಿಸಿದಳು.

ಓಹಾಯೋದಲ್ಲಿ ವಿಮೆ ಕಂಪನಿಗಳ ಲೆಕ್ಕ ನೋಡುವ ಅಧಿಕಾರಿ ಹಾಲಿಸ್ಟರ್ ಊರಿಗೆ ಬಂದಾಗ, ಇಸ್ತ್ರಿ ಮಾಡಿದ ಅಂಗಿಯ ಜೊತೆ ಈ ವಿಷಯವನ್ನೂ ಕೊಟ್ಟಳು. ಅವನು ಅಂಗಿಯನ್ನು ಪಕ್ಕಕ್ಕಿಟ್ಟ.

"ನೋಡಮ್ಮ, ಕಂಪನಿ ಮುಳುಗಿದ್ರೆ ಇರೋ ಚಿನ್ನ ಪಾಲಿಸಿ ಚಾಲ್ತಿ ಇರೋರಿಗೆ ಹೋಗತ್ತೆ, ನಿಮಗಲ್ಲ. ಈ ಚೀಲದ ವಿಷ್ಯ ಎತ್ತದೆ ಸುಮ್ನಿದ್ದು ಕೋರ್ಟಿಗೆ ಹೋದ್ರೆ ನಿಮಗೇನಾದ್ರೂ ಸಿಕ್ಕೀತು."

"ಮುಳುಗ್ಲಿ ಸ್ವಾಮಿ. ಮಗೂನ ನಾನು ಒಗ್ದು ಸಾಕ್ತೀನಿ."

ಆ ವಸಂತದಲ್ಲಿ ಎಲ್ಲ ರಾಜ್ಯಗಳ ವಿಮೆ ಅಧಿಕಾರಿಗಳು ಮೊದಲ ಬಾರಿಗೆ ನ್ಯೂಯಾರ್ಕಿನಲ್ಲಿ ಒಟ್ಟಿಗೆ ಕೂತರು. ಊಟದ ನಡುವೆ ಹಾಲಿಸ್ಟರ್ ಕೆಂಪು ದಾರದ ಮಾತೆತ್ತಿದ. ಇಂಡಿಯಾನಾ ರಾಜ್ಯದವನು ಚಮಚ ಕೆಳಗಿಟ್ಟ. ಆ ಹೊಲಿಗೆಯನ್ನು ತನ್ನ ರಾಜ್ಯದ ತಿಜೋರಿಯಲ್ಲಿ ಅವನೂ ನೋಡಿದ್ದ, ಕೆಂಟಕಿಯವನೂ ನೋಡಿದ್ದ. ಇನ್ನು ಎಲ್ಲ ರಾಜ್ಯಗಳೂ ಒಂದೇ ಮಾದರಿಯ ಲೆಕ್ಕವನ್ನು, ಒಂದೇ ದಿನದ್ದನ್ನು ಕೇಳಬೇಕೆಂದು ಅಲ್ಲಿ ಮಾತಾಯಿತು. ವರ್ಷದ ಕೊನೆಯ ದಿನ ಮೂರೂ ರಾಜ್ಯಗಳ ಶಾಖೆಯ ತಿಜೋರಿಗಳನ್ನು ಒಟ್ಟಿಗೇ ತೆರೆದರು. ಚಿನ್ನ ಇದ್ದದ್ದು ಒಂದರಲ್ಲಿ.

ಸುದ್ದಿ ಬಂದಾಗ ವಾಲ್‌ಬುರ್ಗಾ ಪ್ರೌಟಿಯ ಅಂಗಿಗಳನ್ನೆಲ್ಲ ಮತ್ತೆ ನೀರಿಗೆ ಹಾಕಿದಳು. ಊರು ಬಿಟ್ಟು ಓಡುವ ಮೊದಲು ಅಂಗಿ ಒಯ್ಯಲು ಅವನು ಬರುತ್ತಾನೆಂದು ಗೊತ್ತಿತ್ತು. ಬಂದ, ಕೈಯಲ್ಲಿ ಪೆಟ್ಟಿಗೆ, ಕಣ್ಣು ಸೇತುವೆಯ ಮೇಲೆ. ಹಿಂಡದ ಅಂಗಿಗಳ ಮುದ್ದೆಯನ್ನು ಅವನ ತೋಳಿಗೆ ಹೇರಿದಳು. ಕೋಟಿನೊಳಕ್ಕೆ ನೀರು ಇಳಿಯಿತು. ಹೊರಗೆ ಹಿಮ ಬೀಳುತ್ತಿತ್ತು.

"ಹೊಳೆ ದಾಟ್ತಿದೀರಾ ಸಾಹೇಬ್ರೇ?" ಎಂದಳು, ಮಗುವಿಗೆ ಕುಲಾವಿ ಕಟ್ಟುತ್ತ. "ಯಾರನ್ನ ಕೇಳಿದ್ರಿ?"