ಗೆಲಿಲಿಯೋನಿಗೆ ಫೇಟಾ

ನಮ್ಮ ಚಿಕ್ಕೋಡಿ ಸೀಮೆಯ ಅನಂತಪುರದ ತವನಪ್ಪ ಹರೆಯದಿಂದಲೂ ಸಣ್ಣಾಟದ ಮೇಳದಲ್ಲಿ ಹೆಣ್ಣುಪಾತ್ರಕ್ಕೆ ಸೀರೆ ಉಟ್ಟವನು. ಹಗಲು ಹಿಟ್ಟಿನ ಗಿರಣಿ, ಆಟವಿದ್ದ ದಿನ ಯಾರದೋ ಹೆಂಡತಿ, ಇಲ್ಲವೇ ಸವತಿ. ಮೈ ಸಣ್ಣಗೆ, ದನಿ ಇಂಪು. ಗಂಡುಪಾತ್ರಕ್ಕೆ ಯಾರೂ ಕರೆಯಲಿಲ್ಲ. ಈ ವರ್ಷ ಚಿಕ್ಕೋಡಿಯ ಈಶ್ವರ ಮಾಸ್ತರರು ಗೆಲಿಲಿಯೋನ ಬಾಳನ್ನು ಪೂರಾ ಹಾಡಿನಲ್ಲೇ ಹೊಸ ಸಣ್ಣಾಟವಾಗಿ ಕಟ್ಟಿ, ಆ ಮುದಿ ಖಗೋಳಜ್ಞನ ಪಾತ್ರವನ್ನು ಅವನಿಗೆ ಕೊಟ್ಟರು. ತವನಪ್ಪ ಗಡ್ಡ ಬಿಟ್ಟ.

“ಇಷ್ಟ ದಿನಾ ನನ್ನ ಸೀರಿ ಒಯ್ತಿದ್ರಿ, ಈಗ ಮುದುಕನ ಅಂಗೀಗಂತ ಹೊಚ್ಚಗೊಳ್ಳೂ ಕಂಬಳೀನೂ ಹೋತು,” ಎಂದಳು ಹೆಂಡತಿ ಸಕ್ಕುಬಾಯಿ.

ಅವನ ಜೀವವೆಲ್ಲ ಕೊನೆಯ ಹಾಡಿನಲ್ಲಿತ್ತು. ಭೂಮಿ ತಿರುಗುತ್ತದೆ ಎಂದ ತಪ್ಪಿಗೆ ಗೆಲಿಲಿಯೋ ಧರ್ಮಪೀಠದೆದುರು ಮೊಣಕಾಲೂರಿ ಮಾತು ಹಿಂತೆಗೆದುಕೊಳ್ಳುತ್ತಾನೆ. ಆಮೇಲೆ ಮನೆಯಲ್ಲೇ ಬಂದಿಯಾಗಿ, ಕಣ್ಣು ಹೋಗಿ, ಕಾಣದ ಆಕಾಶಕ್ಕೆ ಹಾಡುತ್ತಾನೆ. ಅದರ ತಾಲೀಮಿನ ಗುಂಗಿನಲ್ಲಿ ತವನಪ್ಪ ಎಷ್ಟೋ ಜನರ ಗೋಧಿಯನ್ನು ಜೋಳದೊಂದಿಗೆ ಬೀಸಿಬಿಟ್ಟಿದ್ದ.

ಚಿಕ್ಕೋಡಿಯಲ್ಲಿ ಆಟ. ಗೆಲಿಲಿಯೋ ಇನ್ನೇನು ಮೊಣಕಾಲೂರಬೇಕು, ಸಕ್ಕರೆ ಕಾರ್ಖಾನೆಯ ಬಾಬಾಸಾಹೇಬರು ತಡವಾಗಿ ಬಂದರು. ಅತಿಥಿ ಬಂದೊಡನೆ ಆಟ ನಿಲ್ಲಿಸಿ, ತಲೆಗೆ ಸನ್ಮಾನದ ರುಮಾಲು, ಅಂದರೆ ಫೇಟಾ, ಸುತ್ತುವುದು ನಮ್ಮ ಕಡೆಯ ರೂಢಿ. ಸಾಹೇಬರನ್ನು ರಂಗಕ್ಕೆ ಹತ್ತಿಸಿ ಸುತ್ತಿದರು. ಅವರು ಉಬ್ಬಿ, ತಾವೇ ಇನ್ನೊಂದು ಫೇಟಾ ತರಿಸಿ ಗೆಲಿಲಿಯೋನ ತಲೆಗೆ ಸುತ್ತಿಸಿದರು.

“ಇಂಥಾ ದೊಡ್ಡ ಮನಷ್ಯಾ ಮೊಣಕಾಲ ಊರೂದ? ಬಿಟ್ಟಬಿಡ್ರಿ ಅವನ್ನ!” ಎಂದರು.

ಆಟದಲ್ಲಿ ನ್ಯಾಯಾಧೀಶನಾಗಿದ್ದವನು ರೈತ ಕಾಕಾಸಾಹೇಬ. ಅವನ ಕಬ್ಬು ಹೋಗುವುದು ಸಾಹೇಬರ ಕಾರ್ಖಾನೆಗೇ.

“ಭೂಮಿ ತಿರಗತೈತಿ! ಆರೋಪಿ ಬಿಡುಗಡಿ!” ಎಂದು ಮೇಜು ಕುಟ್ಟಿದ.

ಜನ ಸೀಟಿ ಹೊಡೆದರು. ನಮ್ಮಂಥ ನಾಲ್ಕಕ್ಷರ ಬಲ್ಲವರೂ ಚಪ್ಪಾಳೆ ತಟ್ಟಿದೆವು. ಸಾಹೇಬರು ನಮ್ಮ ಕಡೆಗೇ ನೋಡುತ್ತಿದ್ದರಲ್ಲ. ಆಟ ಮುಗಿಯಿತೆಂದು ಮಂಗಳಾರತಿಯ ತಟ್ಟೆಯೂ ಬಂತು. ತವನಪ್ಪನ ಮೈ ಉರಿಯಿತು. ಫೇಟಾ ಸಮೇತ ಮೊಣಕಾಲೂರಿದ.

“ನನಗ ಬಿಡುಗಡಿ ಬ್ಯಾಡ. ಶಿಕ್ಷಾ ಕೊಡ್ರಿ!”

“ಹುಚ್ಚ ಹಿಡೀತೇನೋ? ಗೆದ್ದಿ, ಏಳು,” ಕಾಕಾಸಾಹೇಬ ಪಿಸುಗುಟ್ಟಿದ.

“ಗೆಲಸಾಕ ನೀ ಯಾಂವಲೇ? ಆ ಮುದುಕಾ ಕಣ್ಣ ಕಳಕೊಂಡ ಸತ್ತಾನ. ಅವನ ದುಃಖಾ ಕಸಗೊಂಡು ಅರಿಬಿ ಸುತ್ತತೀರೇನು?”

ಆಗ ಮುಂದೆ ಬಂದವನು ಆಟ ನಡೆಸಿಕೊಡುವ ಸಾರಥಿಯ ಪಾತ್ರದ ಇಬ್ರಾಹಿಮ. ರಂಗಕ್ಕೆ ಬಂದವರು ಯಾರೇ ಇರಲಿ, ಸಾರಥಿ ವಿಚಾರಿಸಲೇಬೇಕು, ಅವರು ಹೇಳಲೇಬೇಕು. ಅದು ಸಣ್ಣಾಟದ ಕಟ್ಟಳೆ. ಸಾಹೇಬರಿಗೆ ಬಾಗಿ ಕೈಮುಗಿದ.

“ಯಾರ್ರಿ ತಾವು? ಯಾವ ದೇಶದ ದೊರಿ? ಈ ಕತಿಯೊಳಗ ತಮ್ಮ ಪಾತ್ರ ಯಾವ್ದ್ರಿ?”

“ನಾ... ಆಟಾ ನೋಡಾಕ ಬಂದಾಂವ.”

“ಹಂಗಾದ್ರ ಕುರ್ಚಿ ಕೆಳಗ ಅದಾವ್ರಿ, ಸಾಹೇಬ್ರ.”

ಸಾಹೇಬರು ಕೆಳಗಿಳಿದರು. ಕುರ್ಚಿಯಲ್ಲಿ ಕೂಡದೆ ಸೀದಾ ಹೊರನಡೆದರು. ಹಿಂದೆಯೇ ಮುಂದಿನ ಸಾಲೆಲ್ಲ. ಕಾಕಾಸಾಹೇಬ ಬಾಗಿಲ ಕಡೆ ನೋಡುತ್ತಲೇ, ಸತ್ತ ದನಿಯಲ್ಲಿ ಶಿಕ್ಷೆ ಓದಿದ.

ತವನಪ್ಪ ಹಾಡಿದ. ಮಾಸ್ತರರು ಕರುಣರಸದಲ್ಲಿ ಬರೆದಿದ್ದ ಹಾಡು. ಇವನು ಖಾಲಿ ಕುರ್ಚಿಗಳನ್ನು ದಿಟ್ಟಿಸಿ, ಒಂದೊಂದನ್ನೂ ಬೈದಂತೆ ಹಾಡಿದ. ಮುಗಿದರೂ ಸಿಟ್ಟು ಇಳಿಯಲಿಲ್ಲ. ಹಾಡನ್ನು ಮೊದಲಿನಿಂದ ಇನ್ನೊಮ್ಮೆ ಎತ್ತಿದ.