ಅಳಿಲ ಮರಿಗೆ ಲೋಬಾನ

ಕುಲಗೋಡದ ನಮ್ಮ ಹಿತ್ತಲದಾಗ ಎತ್ತಿಗೆ ಹಾಕಾಕ ಬಣವಿಯಿಂದ ಕಣಿಕಿ ಹಿರಿಯುವಾಗ ಇಣಚಿ ಗೂಡು ಬಿತ್ತು. ತಾಯಿನ್ನ ಬೆಕ್ಕು ಹಿಡಿದಿತ್ತು. ಕಣ್ಣು ತೆರೆಯದ ಒಂದು ಮರಿ ಉಳಿದಿತ್ತು. ಉಸಿರಾಡಿದ್ರ ಎದಿ ಗೊರ್ ಗೊರ್ ಅಂತಿತ್ತು.

ನಮ್ಮ ಅತ್ತಿ ಅದನ್ನ ಹಸುಗೂಸಿನಂಗ ಸಾಕಾಕ ನಿಂತ್ರು. ಹತ್ತಿ ಬತ್ತಿಲೆ ಹಾಲು ಹನಿಸಿ, ಬುಟ್ಟ್ಯಾಗ ಮಲಗಿಸಿ, ಸಂಜಿಗೆ ಕೂಸಿಗೆ ಹಾಕೂ ಹಂಗ ಲೋಬಾನದ ಹೊಗಿನೂ ಹಾಕಿದ್ರು. ಮರಿ ಇನ್ನಷ್ಟು ತೇಕಾಕ ಹತ್ತಿತು. ಮೂಡಲಗಿಯ ದನದ ಡಾಕ್ಟರು ಔಷಧ ಕೊಟ್ಟು ಗದರಿದ್ರು: "ಎದಿ ಕಟ್ಟೇತಿ. ಹೊಗಿ ಒಟ್ಟ ತಾಗಸಬ್ಯಾಡ್ರಿ."

ಮರುದಿನ ಎದ್ದು ನೋಡಿದ್ರ ಅತ್ತಿ ಅಂಗಳದಾಗ ಮೂರು ಕಲ್ಲು ಹೂಡಿ ರೊಟ್ಟಿ ಬೇಯಿಸಾಕತ್ತಿದ್ರು! ನನಗ ಸಿಟ್ಟು ನೆತ್ತಿಗೇರಿತು. ಮದುವ್ಯಾಗಿ ಬಂದಾಗಿಂದ ಒಳಗಿನ ಒಲಿ ಹೊಗಿಗೆ ನಾ ಕೆಮ್ಮೇ ಕೆಮ್ಮತೀನಿ. ಹೊರಗ ಒಲಿ ಹೂಡೂಣ್ರಿ ಅಂದ್ರ ಕಿವಿಗೇ ಹಾಕ್ಕೊಂಡಿರಲಿಲ್ಲ. ಇಣಚಿ ಕೆಮ್ಮು ಮಾತ್ರ ಕೂಡಲೇ ಕೇಳಿಸಿತು!

ಮರಿ ಗುಣ ಆತು. ಅತ್ತಿ ಹೆಗಲ ಮ್ಯಾಲೆ ಆಡಿ ಬೆಳೆದು, ಒಂದಿನ ಬೇವಿನ ಗಿಡ ಹತ್ತಿ ಹೋತು.

"ಇನ್ನರೆ ಒಳಗಿನ ಒಲಿ ಹಚ್ಚಲೇನ್ರಿ?" ಮಾರಿ ಗಂಟು ಹಾಕ್ಕೊಂಡು ಕೇಳಿದೆ.

ಅತ್ತಿ ಗಿಡದ ಕಡೆನ ನೋಡ್ಕೋತ ಅಂದ್ರು: "ಬ್ಯಾಡ ಬಿಡವಾ. ಮನ್ಯಾಗ ಕೆಮ್ಮೋ ಕೂಸು ಇನ್ನೊಂದು ಐತಿ."