ಒಂದೇ ವಸಂತ ಆಡಿದ ತಂಡ

“ಆ ಟೀಮು ಮುಚ್ಚೋಯ್ತಂತೆ ರಂಗಣ್ಣ,” ಎಂದೆ. ಲಾರಿಗೆ ತೆಂಗಿನಕಾಯಿ ಎಸೆಯುತ್ತಿದ್ದ ಅವನ ಕೈ ಅಲ್ಲೇ ನಿಂತಿತು.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು, ಚನ್ನರಾಯಪಟ್ಟಣದ ಒಂದು ಕಾಯಿ ಮಂಡಿ. ಸಂತೆಯಲ್ಲಿ ಕೊಂಡ ಹಳೆಯ ವಿದೇಶಿ ಜೆರ್ಸಿ ತೊಟ್ಟಿದ್ದ ರಂಗಣ್ಣ, ಅದರ ಮೇಲೆ ಏನು ಬರೆದಿದೆ ಎಂದು, ಮಂಡಿಗೆ ಕಾಯಿ ಹಾಕಲು ಬರುತ್ತಿದ್ದ ನನ್ನನ್ನು ಹಿಂದಿನ ವಾರ ಕೇಳಿದ್ದ. ನಾನು ಹಾಸನದ ಸೈಬರ್ ಕೆಫೆಯಲ್ಲಿ ಹುಡುಕಿದ್ದೆ. ಅದು ಅಮೆರಿಕದ ಫುಟ್‌ಬಾಲ್ ತಂಡದ ಹೆಸರು; ಅವರ ಫುಟ್‌ಬಾಲನ್ನು ಕೈಯಲ್ಲೇ ಎಸೆದು ಹಿಡಿಯುತ್ತಾರೆ. ಬೇರೆ ತಂಡಗಳು ಆಡದ ವಸಂತದಲ್ಲಿ ಆಡಹೊರಟು, ಜನ ಬಾರದೆ ಒಂದೇ ವರ್ಷಕ್ಕೆ ಬಾಗಿಲು ಹಾಕಿದ್ದರು.

“ಅಂಗಾರೆ ಆಡ್ತಿದ್ದೋರೆಲ್ಲ ಎಲ್ಲಿಗೋದ್ರು ಸಾ? ಒಟ್ಟಿಗೇ ಇದ್ರಾ?”

ಲಾರಿಯ ಮೇಲಿದ್ದ ಜೊತೆಗಾರ ತಿಮ್ಮಯ್ಯ ಗದರಿದ: “ಅವ್ರ ಚಿಂತೆ ನಿಂಗ್ಯಾಕ್ಲಾ? ಕಾಯಿ ಎಸಿ.”

ಅವರ ಮಂಡಿಯೂ ಆ ವಾರ ಮುಚ್ಚುವುದಿತ್ತು. ಹದಿನೈದು ವರ್ಷ ಒಬ್ಬ ಎರಡೆರಡು ಕಾಯಿ ಎಸೆದು, ಇನ್ನೊಬ್ಬ ಹಿಡಿದು ಎಣಿಸಿದ ಜೋಡಿ ಅದು. ಇನ್ನು ಒಬ್ಬೊಬ್ಬರೇ ಕೆಲಸ ಹುಡುಕಬೇಕಿತ್ತು.

“ಕೆಲವರನ್ನ ಬೇರೆ ಟೀಮಿನೋರು ಜೋಡಿಯಾಗೇ ಕರ್ಕೊಂಡ್ರಂತೆ,” ಎಂದೆ.

ರಂಗಣ್ಣ ತಲೆಯೆತ್ತಿ, “ಕೇಳುಸ್ತೇನ್ಲಾ?” ಎಂದ. ತಿಮ್ಮಯ್ಯ ಮುಂದಿನ ಕಾಯಿಗೆ ಕೈಯೊಡ್ಡಿದ.

ಪುರಾವೆಯಿಲ್ಲದೆ ಏನನ್ನೂ ಒಪ್ಪದವನು ನಾನು. ಜೋಡಿಯಾಗಿ ಕರೆದುಕೊಂಡರೆಂಬ ಆ ಮಾತನ್ನು ಎಲ್ಲೋ ಓದಿದ್ದೆನೋ, ನಿಂತಲ್ಲೇ ಕಟ್ಟಿ ಹೇಳಿದೆನೋ, ಇಂದಿಗೂ ಖಾತ್ರಿಯಿಲ್ಲ. ಕೆಲಸಕ್ಕೆ ಕರೆದರೆ ಇಬ್ಬರನ್ನೂ ಕರೆಯಿರಿ ಎಂದು ಹಠ ಹಿಡಿದು, ರಂಗಣ್ಣ ತಿಮ್ಮಯ್ಯ ಇಬ್ಬರೂ ಶಾಂತಿಗ್ರಾಮದ ಕಡೆ ಒಂದೇ ಮಂಡಿಗೆ ಸೇರಿದರೆಂದು ಮಾತ್ರ ಆಮೇಲೆ ತಿಳಿಯಿತು.